ಮೂರು ವಾರದ ಹಳದಿ

ಲ್ಯಾಬಿನ ಗಾಜುಪಾತ್ರೆ ತೊಳೆಯುವ ಕೋಣೆ
ಜೂನ್ ೪, ಊಟದ ಬಿಡುವು

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೋ, ಇಲ್ಲಾ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನ ಮಂಡಿನೋವು ಎಂದಿನಂತೆ ಕೆಲಸ ಹೇಳಿದಾಗ ಮಾತ್ರ ಬರುತ್ತದೆ. ನೀನು ಆ ಔಷಧಿ ಅಂಗಡಿ ಸೇರಿ ನಾಲ್ಕು ತಿಂಗಳಾಯಿತು. ಲ್ಯಾಬಿನ ಸುದ್ದಿ ಎತ್ತಿದರೆ ಸಾಕು, ಫೋನ್ ಇಟ್ಟುಬಿಡುತ್ತೀಯ. ಕಾಗದದ ಬಾಯಿಯನ್ನು ಹಾಗೆ ಮುಚ್ಚಿಸಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬೆಳ್ಳಿ ದ್ರಾವಣ ಕೆಡದೆ ನಿಂತಿದೆ! ನೀನು ಬಿಟ್ಟುಹೋದ ನೋಟ್‌ಬುಕ್ ಹಿಡಿದು ನಮ್ಮ ಲ್ಯಾಬ್ ಸಹಾಯಕ, ಅದೇ ನಿನ್ನ ಗೊಣಗಪ್ಪ, ಹೋದ ತಿಂಗಳು ಐದು ಸಲ ಮಾಡಿ ನೋಡಿದ. ಮಂಜುಗಡ್ಡೆಯಲ್ಲಿಟ್ಟ ಬೋರೋಹೈಡ್ರೈಡ್ ನೀರು, ಅದಕ್ಕೆ ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ, ಕೊನೆಯ ಹನಿ ಬಿದ್ದ ಕೂಡಲೇ ಕಲಕುವುದು ಬಂದ್. ಐದಕ್ಕೆ ಐದೂ ನಿಂಬೆಹಣ್ಣಿನ ಬಣ್ಣ. ಮೂರು ವಾರವಾಯಿತು, ಒಂದು ಸೀಸೆಯಲ್ಲೂ ಗಸಿ ಕಟ್ಟಿಲ್ಲ. ಕಣ್ಣಿಗೆ ಕಾಣದ ಬೆಳ್ಳಿ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತಿದ್ದರೆ ಹಳದಿ, ಗುಂಪು ಕಟ್ಟಿದರೆ ಬೂದಿ ಬಣ್ಣ ಎಂದು ನೀನೇ ಒಲೆ ಮುಂದೆ ನಿಂತು ನನಗೆ ಪಾಠ ಹೇಳಿದ್ದೆಯಲ್ಲ, ಮರೆತಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಈಗ ಗೊಣಗಪ್ಪನಿಗೇ "ಸಾಕು, ಕಲಕೋದು ನಿಲ್ಸಪ್ಪಾ" ಅನ್ನುತ್ತೇನೆ. ಅವನು ಗೊಣಗುತ್ತಲೇ ನಿಲ್ಲಿಸುತ್ತಾನೆ.

ಅಂದು ನಿನ್ನ ಸಂಶೋಧನೆಯ ಪರೀಕ್ಷೆಯಲ್ಲಿ ಪರೀಕ್ಷಕರ ಮುಂದೆ ಹತ್ತೇ ನಿಮಿಷದಲ್ಲಿ ಹಳದಿ ಬೂದಿಯಾದದ್ದು, "ಎರಡು ವರ್ಷ ನಿಜವಾಗ್ಲೂ ಮಾಡಿದ್ದೋ, ಕೂತು ಬರ್ಕೊಂಡಿದ್ದೋ?" ಎಂದು ಅವರು ಕೇಳಿದ್ದು, ನೀನು ಏಪ್ರನ್ ಬಿಚ್ಚಿ ನನ್ನ ಸಿಂಕಿನ ಪಕ್ಕ ಇಟ್ಟು ಹೊರಟದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮಗಳು ಸುಳ್ಳು ಬರೆಯುವವಳಲ್ಲ. ಅದು ನನಗೆ ಅಂದೂ ಗೊತ್ತಿತ್ತು, ಈಗ ಇಡೀ ಲ್ಯಾಬಿಗೆ ಗೊತ್ತು. ನಿನ್ನ ಗೈಡ್ ಮೇಡಂ ಐದೂ ಸೀಸೆಗಳನ್ನು ತಮ್ಮ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಾರೆ. ಹದಿನೆಂಟಕ್ಕೆ ಮತ್ತೆ ಪರೀಕ್ಷೆ, ಅದೇ ಪರೀಕ್ಷಕರು. ಹತ್ತನೇ ತಾರೀಖಿನೊಳಗೆ ನಿನ್ನ ಒಪ್ಪಿಗೆಯ ಒಂದು ಸಾಲು ಬಂದರೆ ಸಾಕಂತೆ. ಬರೆ. ಬಿಗುಮಾನವನ್ನು ಆಮೇಲೆ ಬೇಕಾದರೆ ಇಟ್ಟುಕೊ.

ಮೈ ಕಡೆ ನಿಗಾ ಇರಲಿ. ಅಪ್ಪನ ಆಶೀರ್ವಾದ, ಗೊಣಗಪ್ಪನದೂ ಒಂದು ಗೊಣಗು.

ನಿನ್ನ
ಅಮ್ಮ

ಮತ್ತೊಂದು ಮಾತು: ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ಪರೀಕ್ಷೆಯ ದಿನ ನಿನ್ನ ಫ್ಲಾಸ್ಕ್ ಫಳಫಳ ಹೊಳೆಯಲಿ ಎಂದು, ಮನೆಯ ಗಾಜಿನ ಲೋಟಕ್ಕೆ ಮಾಡುವಂತೆ ಉಪ್ಪು ಹಾಕಿ ತಿಕ್ಕಿದೆ. ಡಿಸ್ಟಿಲ್ಡ್ ನೀರಲ್ಲಿ ಮೂರು ಸಲ ತೊಳೆಯಬೇಕಿತ್ತು. ಆತುರದಲ್ಲಿ ಒಂದೇ ಸಲ ನಲ್ಲಿ ನೀರು ಹಿಡಿದೆ. ಹೋದ ತಿಂಗಳು ಮತ್ತೆ ಉಪ್ಪಿನ ಡಬ್ಬಿ ತೆಗೆದಾಗ ಗೊಣಗಪ್ಪ, "ಅಯ್ಯೋ ತಾಯಿ, ಉಪ್ಪು ಸೋಕಿದ್ರೆ ಬೆಳ್ಳಿ ಗುಂಪು ಕಟ್ಟುತ್ತೆ!" ಎಂದು ಕೂಗಿಕೊಂಡ. ಅಂದಿನ ನಿನ್ನ ಫ್ಲಾಸ್ಕ್ ನೆನಪಾಯಿತು. ಮೇಡಂಗೆ ಆಗಲೇ ಎಲ್ಲ ಹೇಳಿ, ಬರೆದುಕೊಟ್ಟು ಸಹಿ ಹಾಕಿದೆ. ತಪ್ಪು ನನ್ನದು, ಮಗಳೇ. ಹದಿನೆಂಟಕ್ಕೂ ಫ್ಲಾಸ್ಕ್ ನಾನೇ ತೊಳೆಯುತ್ತೇನೆ. ನೀನು ಪಕ್ಕದಲ್ಲಿ ನಿಂತು ಎಣಿಸು, ಮೂರು ಸಲ.