ಮೊದಲ ಬೆವರು

6 ಮೇ 1998, ಬುಧವಾರ. ಹರಿಹರ

ಇವತ್ತು ನಾನು ಬೆವತೆ! ಮೇಲ್ತುಟಿ ಒದ್ದೆ ಅನ್ನಿಸಿ ನಾಲಿಗೆ ಚಾಚಿ ನೋಡಿದೆ, ಉಪ್ಪುಪ್ಪು. ಎರಡು ಬೇಸಿಗೆಯಿಂದ ಈ ರುಚಿಯೇ ಮರೆತುಹೋಗಿತ್ತು. ಥೈರಾಯ್ಡ್ ಕಮ್ಮಿಯಾಗಿದೆ, ಅದಕ್ಕೇ ಚಳಿ ಅಂದಿದ್ದರು ದಾವಣಗೆರೆ ಡಾಕ್ಟರು. ಕತ್ತಿನಲ್ಲಿರೋ ಅಷ್ಟು ಸಣ್ಣ ಗ್ರಂಥಿಗೂ ಇಡೀ ಮೈಯ ಬಿಸಿಗೂ ಏನು ಸಂಬಂಧವೋ! ಮೊನ್ನೆ ಮೊನ್ನೆವರೆಗೂ ಸುಡುಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಬಸ್ ಹತ್ತಿದರೆ ಜನ ನನ್ನನ್ನೇ ನೋಡೋರು. ಮಾತ್ರೆ ಈಗ ಕೆಲಸ ಮಾಡ್ತಿದೆಯಾ?

ನೋಡೇಬಿಡೋಣ ಅಂತ ನಡುಮನೆಯ ಫ್ಯಾನ್ ಹಾಕಿ ಅದರ ಕೆಳಗೆ ನಿಂತೆ. ಹಾಯ್ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಬೀಸಣಿಗೆ ಹಿಡಿದುಕೊಂಡೇ ಹೊರಗಿಂದ ಓಡಿಬಂದು ಪಟ್ಟಂತ ಆರಿಸಿದರು.

"ಯಾರು ಹಾಕಿದ್ದು? ಈ ಹುಡುಗಿಗೆ ಥಂಡಿ ಆಗ್ತೈತೆ ಅಂತ ಎಷ್ಟ್ ಸಲ ಹೇಳ್ಬೇಕು?"

"ನಾನೇ ಹಾಕಿದ್ದು ಅತ್ತೆ. ಸೆಕೆ ಆಗ್ತೈತ್ರಿ."

ಜ್ವರ ಬಂದಿರಬೇಕು ಅಂದುಕೊಂಡು ನನ್ನ ಹಣೆ ಮುಟ್ಟಿದರು. ಅಂಗೈ ಒದ್ದೆಯಾಯಿತು. ಅದನ್ನೇ ಒಂದು ಗಳಿಗೆ ನೋಡಿ, "ಬಕ್ಕೇಶಾ, ಬಾರೋ ಇಲ್ಲಿ! ನಿನ್ ಹೆಂಡ್ತಿ ಬೆವತಾಳೆ ನೋಡು!" ಅಂತ ಕೂಗಿದರು. ಇವರು ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಬಂದು ನನ್ನ ಮುಖ ನೋಡಿದ್ದೇ ನೋಡಿದ್ದು.

ನನ್ನಿಂದಾಗಿ ಎರಡು ಬೇಸಿಗೆ ಹೊರಗಿನ ಕಟ್ಟೆ ಮೇಲೆ ಸೊಳ್ಳೆ ಹೊಡೀತಾ ಮಲಗಿದ ಅತ್ತೆ ಈಗ ಫ್ಯಾನ್ ಕೆಳಗೆ ಗೊರಕೆ ಹೊಡೀತಿದ್ದಾರೆ. ಹಾಳೆ ಹಾರ್ತಿದೆ, ಮೇಲೆ ಮಾತ್ರೆ ಡಬ್ಬಿ ಇಟ್ಟು ಬರೀತಿದ್ದೀನಿ. ನಿಜ ಹೇಳಬೇಕಂದ್ರೆ ಈಗ ಸ್ವಲ್ಪ ಚಳಿ ಆಗ್ತಿದೆ. ಕೌದಿ ಹೊದ್ದುಕೊಳ್ತೀನಿ.

ಫ್ಯಾನ್ ಮಾತ್ರ ಆರಿಸಲ್ಲ.