ನಿಮ್ಮ ಕಾರಿಗಾಗಿ ನಾವು ಸರಿಸಿದ ಕಲ್ಲು

ರಸ್ತೆ ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ಕೋಟೆಯ ಗುಡ್ಡವನ್ನು ಬಳಸಿ ಏರುವ ಜಲ್ಲಿಹಾದಿಯನ್ನು ನೀವು ಮೋಟಾರು ವಾಹನಗಳಿಗೆ ತೆರೆದಿದ್ದೀರಿ. ಅದನ್ನು ಮತ್ತೆ ಮುಚ್ಚಬೇಕು. ನನ್ನ ಬೇಡಿಕೆ ಇಷ್ಟೇ, ಉಳಿದದ್ದೆಲ್ಲ ಸೇಡು. ನ್ಯಾಯ ಕೇಳಿ ಬರೆದ ವಿನಯದ ಪತ್ರಗಳು ನಿಮ್ಮ ಕಚೇರಿಯ ಯಾವುದೋ ಕಪಾಟಿನಲ್ಲಿ ಸುಖನಿದ್ರೆಯಲ್ಲಿರುವುದರಿಂದ, ಈ ಸಲ ವಿನಯವನ್ನು ಮನೆಯಲ್ಲೇ ಬಿಟ್ಟು, ಊರೆಲ್ಲ ಓದುವ ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ಆ ಹಾದಿಯ ಪರಿಚಯ ತಮಗೆ ಕಾರಿನ ಕಿಟಕಿಯಿಂದ ಆದದ್ದು. ಆದ್ದರಿಂದ ಕೊಂಚ ವಿವರಿಸಬೇಕು. ಕೋಟೆ ಕಟ್ಟಲು ಕಲ್ಲು ಸಾಗಿಸಿದ ಹಾದಿ ಅದು. ಹೇರು ಹೊತ್ತ ಎತ್ತುಗಳಿಗೆ ಏದುಸಿರು ಬಾರದಂತೆ ಗುಡ್ಡವನ್ನು ಸುತ್ತಿ ಸುತ್ತಿ ಮೇಲೇರಿ, ಕೋಟೆಬಾಗಿಲನ್ನು ಮುಟ್ಟಿ, ಆಚೆಯ ಪೇಟೆಗೆ ಇಳಿಯುತ್ತದೆ. ಅಗಲ ಒಂದು ಬಂಡಿಯಷ್ಟು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದಕ್ಕೆ ಕಣಿವೆ. ಎಷ್ಟೋ ಸೈನ್ಯಗಳು ಅದನ್ನು ಹತ್ತಿ ಇಳಿದಿವೆ. ಜೀವಮಾನವಿಡೀ ಚರಿತ್ರೆ ಪಾಠ ಹೇಳಿದವನಾಗಿ ಖಚಿತವಾಗಿ ಹೇಳಬಲ್ಲೆ, ಅವುಗಳಲ್ಲಿ ಒಂದಕ್ಕೂ ಹಾರ್ನ್ ಇರಲಿಲ್ಲ. ಬಂಡಿಗಳ ಕಾಲ ಮುಗಿದ ಮೇಲೆ ಹಾದಿಯನ್ನು ಮುಳ್ಳು ನುಂಗಿತು. ನಾನು ನಿವೃತ್ತನಾದ ಮೇಲೆ ಊರಿನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಮುಳ್ಳು ಕಡಿದೆ. ಅವರು ಚರಂಡಿ ಬಿಡಿಸಿದರು, ಜಲ್ಲಿ ಹರಡಿದರು, ಮಳೆಗೆ ಕೊಚ್ಚಿಹೋದದ್ದನ್ನು ಮತ್ತೆ ತುಂಬಿದರು. ಕೋಟೆಗೋಡೆಯಿಂದ ಉರುಳಿಬಿದ್ದ ಒಂದು ಚೌಕಗಲ್ಲನ್ನು ತಂದು ಹಾದಿಯ ಬಾಯಿಗೆ ನಿಲ್ಲಿಸಿದೆವು. ಸೈಕಲ್ಲು ಅದರ ಪಕ್ಕದಿಂದ ನುಸುಳುತ್ತದೆ, ಕಾರು ನುಸುಳದು. ಮಕ್ಕಳು ಅದಕ್ಕೆ ‘ತಾತ’ ಎಂದು ಹೆಸರಿಟ್ಟರು. ತಾತನ ನೆತ್ತಿ ಸವರದೆ ಒಬ್ಬರೂ ಪೆಡಲ್ ತುಳಿಯುತ್ತಿರಲಿಲ್ಲ.

ನಮ್ಮ ಸೈಕಲ್ ತಂಡಕ್ಕೆ ಇರುವುದು ಒಂದೇ ನಿಯಮ: ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ, ಅವರನ್ನು ಯಾರೂ ದಾಟುವಂತಿಲ್ಲ. ಕಾಲಲ್ಲಿ ಕಸುವಿರುವವರಿಗೆ ಇದು ನುಂಗಲಾರದ ತುತ್ತು.

“ಮೇಷ್ಟ್ರೇ, ಇದೇನು ಸೈಕಲ್ ಸವಾರಿನೋ ಮೆರವಣಿಗೆನೋ?” ಎಂದು ಬೇಕರಿಯವರ ಮಗ ಮೊದಲ ದಿನವೇ ರೇಗಿದ್ದ.

“ಓಡ್ಸೋಕೆ ಯಾರಿಗಾದ್ರೂ ಬರುತ್ತೆ ಕಣಪ್ಪ. ಯಾರನ್ನೂ ಹಿಂದೆ ಬಿಡದೆ ಹೋಗೋದಿದೆಯಲ್ಲ, ಅದಕ್ಕೆ ದಮ್ಮು ಬೇಕು” ಎಂದಿದ್ದೆ.

ಈ ನಿಯಮ ತಮ್ಮ ನೆನಪಿನಲ್ಲಿರಲಿ. ಮುಂದೆ ತಮಗೇ ಬೇಕಾಗುತ್ತದೆ.

ಇನ್ನು ತಾವು ಮರೆತಿರಬಹುದಾದ ಒಂದು ಮುಖ. ಬಸ್ ನಿಲ್ದಾಣದ ಎದುರು ಬಟ್ಟೆ ಹೊಲಿಯುವ ತಾಯಿಯ ಒಬ್ಬಳೇ ಮಗಳು. ಸೈಕಲ್ ಹತ್ತಿದಳೆಂದರೆ ಹಕ್ಕಿಗೂ ಬೆಲ್, ಹಳ್ಳಕ್ಕೂ ಬೆಲ್. ಅದಕ್ಕೇ ನಮ್ಮವರು ಅವಳನ್ನು ‘ಕಿಣಿಕಿಣಿ’ ಎನ್ನುತ್ತಾರೆ. ಕಾಲೇಜಿನ ದಿನಗಳಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ಹಿಂದಿನಿಂದ ಬಂದು ಅವಳನ್ನು ಕೆಡವಿತು. ಮುರಿದ ಕಾಲಿನ ಮೂಳೆಯನ್ನು ವೈದ್ಯರು ಕೂಡಿಸಿದರು; ಕಿವಿಯೊಳಗೆ ಹೊಕ್ಕ ಆ ಎಂಜಿನ್ನಿನ ಸದ್ದನ್ನು ಹೊರಗೆ ತೆಗೆಯಲು ಅವರ ಬಳಿ ಇಕ್ಕಳ ಇರಲಿಲ್ಲ. ಬೆನ್ನ ಹಿಂದೆ ಗಾಡಿಯ ಸದ್ದಾದರೆ ಅವಳ ಕೈಕಾಲು ಮರಗಟ್ಟುತ್ತವೆ. ನಮ್ಮ ಜಲ್ಲಿಹಾದಿಯಲ್ಲಿ, ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಅವಳು ಮತ್ತೆ ಸವಾರಿ ಕಲಿತಳು. ಮೊದಲು ಒಂದು ತಿರುವಿನವರೆಗೆ, ಆಮೇಲೆ ಕೋಟೆಬಾಗಿಲವರೆಗೆ, ಕೊನೆಗೆ ಒಬ್ಬಳೇ ಗುಡ್ಡದಾಚೆಯ ಪೇಟೆಯವರೆಗೆ. ಅಲ್ಲಿನ ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಕೆಲಸ ಕಲಿಯತೊಡಗಿದಳು. ಹೋಗುವಾಗ ಒಬ್ಬಳೇ, ಬರುವಾಗ ಒಬ್ಬಳೇ. ಆ ‘ಒಬ್ಬಳೇ’ ಎಂಬುದರ ತೂಕ ಬಲ್ಲವರೇ ಬಲ್ಲರು.

ಇಂಥ ಹಾದಿಗೆ ಸರ್ಕಾರದ ಮುದ್ರೆಯೂ ಬೀಳಲಿ, ಸೈಕಲ್ಲಿಗೆ ಮೀಸಲೆಂದು ಘೋಷಣೆಯಾಗಲಿ ಎಂಬ ಆಸೆಯಿಂದ ನಾವು ತಮ್ಮನ್ನು ಕರೆದೆವು. ತಾವು ಬಂದಿರಿ. ಕಾರಿನಿಂದ ಇಳಿದು, ಕಲ್ಲನ್ನೂ ಏರನ್ನೂ ನೋಡಿ, “ಮಂಡಿ ನೋವು ಕಣ್ರೀ. ಇಷ್ಟು ದೂರ ನಡೆಯೋಕಾಗಲ್ಲ, ಇಲ್ಲಿಂದಲೇ ನೋಡಿದ್ರೆ ಸಾಲದಾ?” ಎಂದಿರಿ. ಮಕ್ಕಳ ಮುಖ ಬಾಡಿತು. ಆಗ ಮುಂದೆ ಬಂದವಳು ಕಿಣಿಕಿಣಿ.

“ಪಾಪ, ಮೇಷ್ಟ್ರೇ, ಕಾಲುನೋವಿನ ಕಷ್ಟ ನಂಗೊತ್ತು. ಇವತ್ತೊಂದಿನ ತಾತನ್ನ ಪಕ್ಕಕ್ಕೆ ಕೂರಿಸೋಣ.”

ಹಾರೆ ತಂದೆವು, ಹೆಗಲು ಕೊಟ್ಟೆವು, ತಾತನನ್ನು ಸರಿಸಿದೆವು. ಕಾರನ್ನು ಹಾದಿಗೆ ಬಿಡದಿರುವುದಕ್ಕೆಂದೇ ನಿಲ್ಲಿಸಿದ ಕಲ್ಲನ್ನು, ಆ ಹಾದಿಯನ್ನು ಕಾಪಾಡಿ ಎಂದು ಬೇಡಲು, ಒಂದು ಕಾರಿಗಾಗಿ ಎತ್ತಿದ ಜಾಣರು ಭೂಮಿಯ ಮೇಲೆ ನಾವೊಬ್ಬರೇ ಇರಬೇಕು. ಕೋಟೆಬಾಗಿಲಲ್ಲಿ ಇಳಿದ ತಾವು ಬೆನ್ನು ತಟ್ಟಿದಿರಿ: “ಭೇಷ್! ಕಾರು ಒಂಚೂರು ಕುಲುಕಲಿಲ್ಲ ನೋಡಿ!” ಮಕ್ಕಳು ಹಿಗ್ಗಿ ಹೀರೇಕಾಯಿಯಾದರು. ತೀರ್ಪು ಅಲ್ಲೇ ಆಗಿಹೋಗಿತ್ತೆಂದು ನಮಗಾರಿಗೂ ಹೊಳೆಯಲಿಲ್ಲ.

ಕೆಲವೇ ವಾರಗಳಲ್ಲಿ ತಮ್ಮ ಆದೇಶ ಹೊರಬಿತ್ತು: “ಸದರಿ ಮಾರ್ಗವು ಎಲ್ಲ ಬಗೆಯ ವಾಹನಗಳ ಸಂಚಾರಕ್ಕೆ ಯೋಗ್ಯವಾಗಿರುವುದು ಖುದ್ದು ಪರಿಶೀಲನೆಯಿಂದ ಕಂಡುಬಂದಿದ್ದು, ಇದನ್ನು ಸಾರ್ವಜನಿಕ ರಸ್ತೆಯೆಂದು ಘೋಷಿಸಲಾಗಿದೆ. ಯಾವ ವಾಹನಕ್ಕೂ ವಿಶೇಷ ಆದ್ಯತೆ ಇರತಕ್ಕದ್ದಲ್ಲ.” ಸಾಹೇಬರ ಕಾರು ಕುಲುಕದ ಜಾಗವೆಲ್ಲ ರಸ್ತೆಯಾಗುವುದಾದರೆ ನಾಳೆ ಶಾಲೆಯ ಆಟದ ಬಯಲಿನ ಗತಿಯೇನು? ಆಸ್ಪತ್ರೆಯ ಮೊಸಾಯಿಕ್ ಹಾಸಿದ ಪಡಸಾಲೆಗಳ ಗತಿಯೇನು? ಹಾದಿ ಹಾಳಾಗಿದ್ದರೆ ನಮ್ಮ ಪಾಲಿಗೆ ಉಳಿಯುತ್ತಿತ್ತು. ಚೆನ್ನಾಗಿಟ್ಟುಕೊಂಡ ತಪ್ಪಿಗೆ ಕೈಬಿಟ್ಟಿತು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನೀತಿಪಾಠ ಇನ್ನಾವುದಿದೆ?

ಸಾರ್ವಜನಿಕ ರಸ್ತೆಗೆ ಕಲ್ಲು ಅಡ್ಡವಿಡುವಂತಿಲ್ಲವಾದ್ದರಿಂದ ತಾತ ಪಕ್ಕದಲ್ಲೇ ಉಳಿದ. ಆ ವಾರವೇ ಕಿಣಿಕಿಣಿಯ ಹಿಂದೆ ಮೂರನೆಯ ತಿರುವಿನಲ್ಲಿ ಜೀಪೊಂದು ಬಂದು ಹಾರ್ನ್ ಹೊಡೆಯಿತು. ಅವಳು ಬಂಡೆಗೆ ಅಂಟಿ ನಿಂತಳು. ಜೀಪು ಹೋಗಿ ಎಷ್ಟೋ ಹೊತ್ತಾದರೂ ಅಲ್ಲಿಂದ ಕದಲಲಿಲ್ಲ. ಬೇಕರಿಯವರ ಮಗ ಹೋಗಿ, ಅವಳ ಬೆರಳುಗಳನ್ನು ಹ್ಯಾಂಡಲ್ಲಿನಿಂದ ಒಂದೊಂದಾಗಿ ಬಿಡಿಸಿ ಕರೆತಂದ. ಹಳೆಯ ಅಂಚೆ ಕಚೇರಿಯ ಹಿಂಬದಿಯಲ್ಲಿ ನಮ್ಮ ರಿಪೇರಿ ಕೋಣೆಯಿದೆ. ಮೊಳೆಗಳಿಗೆ ತೂಗುಬಿಟ್ಟ ಟ್ಯೂಬುಗಳು, ಪಂಕ್ಚರ್ ನೋಡುವ ನೀರಿನ ಬೋಗುಣಿ, ಗ್ರೀಸಿನ ವಾಸನೆ. ಅಲ್ಲಿ ಕೂತು ಅವಳು ತನ್ನ ಸೈಕಲ್ಲಿನ ಬೆಲ್ಲನ್ನು ತಾನೇ ಸ್ಕ್ರೂ ಬಿಚ್ಚಿ ತೆಗೆದು ನನ್ನ ಕೈಗಿಟ್ಟಳು.

“ಚಿಕ್ಕವರು ಯಾರಿಗಾದ್ರೂ ಹಾಕ್ಕೊಡಿ ಮೇಷ್ಟ್ರೇ. ನಂಗಿನ್ನು ಬೇಡ.”

ನಾನು ಅವಳ ತಾಯಿಯನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ಹೊರಗಿನ ಬೆಂಚಿನ ಮೇಲೆ ಬೆಳಗನ್ನೆಲ್ಲ ಕಳೆದ ಮೇಲೆ ತಮ್ಮ ದರ್ಶನವಾಯಿತು. ಮಾತು ತಮಗೆ ನೆನಪಿರಲಾರದು, ನನಗೆ ಬಾಯಿಪಾಠವಾಗಿದೆ.

“ನೋಡಿ ಮೇಷ್ಟ್ರೇ, ರಸ್ತೆ ಅಂದ್ಮೇಲೆ ಗಾಡಿ ಓಡ್ಬೇಕು. ಒಂದು ಹುಡುಗಿಗೋಸ್ಕರ ಅಭಿವೃದ್ಧಿ ನಿಲ್ಸೋಕಾಗುತ್ತಾ? ಬಸ್ಸಿದೆಯಲ್ಲಮ್ಮ, ಬಸ್ಸಲ್ಲಿ ಕಳ್ಸಿ.”

“ಬಸ್ಸಲ್ಲೇ ಹೋಗ್ತಾಳೆ ಸಾರ್,” ಎಂದರು ಆ ತಾಯಿ. “ಅಂಗಡಿ ಬಾಗಿಲು ಹಾಕಿ ನಾನೂ ಜೊತೇಲಿ ಹೋಗ್ತೀನಿ. ದಾರಿಯುದ್ದಕ್ಕೂ ಕಣ್ಮುಚ್ಕೊಂಡು ನನ್ನ ಸೆರಗು ಹಿಡ್ಕೊಂಡಿರ್ತಾಳೆ, ಅಂಗನವಾಡಿ ಮಗೂ ಥರ. ನಿಮ್ಮ ಕಾರಿಗೆ ದಾರಿ ಬಿಡ್ಸಿದ್ದು ಅವಳೇ ಅಂತ ಗೊತ್ತಾ ಸಾರ್ ನಿಮಗೆ?”

ತಾವು ಗಡಿಯಾರ ನೋಡಿಕೊಂಡಿರಿ. ಗಡಿಯಾರಕ್ಕೆ ನಾಚಿಕೆಯಾಗಿರಬೇಕು, ತಮಗಾದ ಕುರುಹು ಕಾಣಲಿಲ್ಲ.

ಅಂದು ಮೆಟ್ಟಿಲಿಳಿಯುವಾಗ ನಾನು ಹಲ್ಲು ಕಚ್ಚಿಕೊಂಡೆ. ಕೋಪ ಬಂದಾಗ ಮೊದಲು ಓದು, ಆಮೇಲೆ ಮಾತಾಡು ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಓದಿದೆ. ತಮ್ಮ ಆದೇಶವನ್ನೇ ಮತ್ತೆ ಮತ್ತೆ ಓದಿದೆ. ಓದುತ್ತ ಓದುತ್ತ ನನಗೆ ತಮ್ಮ ಮೇಲೆ ಪ್ರೀತಿಯೇ ಉಕ್ಕಿತು. ಎಲ್ಲ ಬಗೆಯ ವಾಹನಗಳು! ಯಾವ ವಾಹನಕ್ಕೂ ಆದ್ಯತೆಯಿಲ್ಲ! ಸೈಕಲ್ಲೂ ವಾಹನವೇ ಎಂಬುದನ್ನು ಕಾನೂನು ಒಪ್ಪುತ್ತದೆ, ತಮ್ಮ ಸಹಿಯೂ ಒಪ್ಪಿದೆ.

ಬರುವ ಭಾನುವಾರ ಬೆಳಿಗ್ಗೆ ತಾವು ಗಣ್ಯರನ್ನು ಸಾಲು ಕಾರುಗಳಲ್ಲಿ ಕೂರಿಸಿಕೊಂಡು, ಕೋಟೆಬಾಗಿಲಲ್ಲಿ ರಿಬ್ಬನ್ ಕತ್ತರಿಸಿ ರಸ್ತೆಯನ್ನು ಉದ್ಘಾಟಿಸುವಿರೆಂದು ಕೇಳಿದೆ. ಸಂತೋಷ. ಅದೇ ಬೆಳಿಗ್ಗೆ, ತಮಗಿಂತ ತುಸು ಮುಂಚೆ, ನಮ್ಮ ತಂಡವೂ ಅದೇ ರಸ್ತೆಯಲ್ಲಿ ಹೊರಡುತ್ತದೆ. ಒಂದೇ ಸಾಲು, ಶಿಸ್ತಿನ ಸವಾರಿ, ಎಲ್ಲರ ತಲೆಗೂ ಹೆಲ್ಮೆಟ್. ಘೋಷಣೆಯಿಲ್ಲ, ಫಲಕವಿಲ್ಲ. ಒಂದು ಬಂಡಿಯ ಅಗಲದ ಹಾದಿಯಲ್ಲಿ ತಮಗೆ ನಮ್ಮನ್ನು ದಾಟಲು ಜಾಗವಿರುವುದಿಲ್ಲ, ಕಾರು ತಿರುಗಿಸಿ ಮರಳಲೂ ಜಾಗವಿರುವುದಿಲ್ಲ. ಮತ್ತು ನಮ್ಮ ನಿಯಮ ತಮಗೆ ಗೊತ್ತೇ ಇದೆ.

ಅಂದು ಸಾಲಿನ ಮುಂದೆ ಯಾರಿರುತ್ತಾರೆಂಬುದು ನಿನ್ನೆಯವರೆಗೆ ನನಗೂ ತಿಳಿದಿರಲಿಲ್ಲ. ನಿನ್ನೆ ಸಂಜೆ ನಾನು ರಿಪೇರಿ ಕೋಣೆಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಕಿಣಿಕಿಣಿ ಬಂದು ಬಾಗಿಲಲ್ಲಿ ನಿಂತಳು.

“ಹಿಂದೆ ಬರೋದು ಆ ಸಾಹೇಬ್ರ ಕಾರೇನಾ ಮೇಷ್ಟ್ರೇ?”

“ಅವರದ್ದೇ ಕಣಮ್ಮ.”

“ನಂಗೂ ಕಾರಿಗೂ ಮಧ್ಯೆ ನೀವೆಲ್ಲಾ ಇರ್ತೀರ ತಾನೇ?”

“ಒಬ್ಬರೂ ತಪ್ಪಲ್ಲ.”

ಬೋಗುಣಿಯನ್ನು ಬಳಸಿಕೊಂಡು ಒಳಗೆ ಬಂದಳು. ಆಮೇಲೆ ಕೈ ಚಾಚಿದಳು. “ಹಾಗಾದ್ರೆ ನನ್ನ ಬೆಲ್ ಕೊಡಿ.”

ಕೊಟ್ಟೆ. ಅದನ್ನು ಬೇರೆ ಯಾರ ಸೈಕಲ್ಲಿಗೂ ಹಾಕದೆ ಎಣ್ಣೆ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಈಗ ಆಯ್ಕೆ ತಮ್ಮದು. ಶನಿವಾರ ಸಂಜೆಯೊಳಗೆ ಆದೇಶವನ್ನು ಹಿಂತೆಗೆದುಕೊಂಡು, ತಾವೇ ಬಂದು, ಹಾರೆ ಹಿಡಿದು, ತಾತನನ್ನು ಸ್ವಸ್ಥಾನದಲ್ಲಿ ಕೂರಿಸಬೇಕು. ಮಂಡಿ ನೋವೆಂದರೆ ಮಕ್ಕಳು ಹೆಗಲು ಕೊಡುತ್ತಾರೆ, ಅವರಿಗದು ಹೊಸತಲ್ಲ. ಅದು ಆಗದೆಂದಾದರೆ ಭಾನುವಾರ ಭೇಟಿಯಾಗೋಣ. ಆದರೆ ದಯವಿಟ್ಟು ಹಾರ್ನ್ ಹೊಡೆಸಬೇಡಿ. ಅವಳು ಬೆಚ್ಚಿ ನಿಂತರೆ ನಾವೆಲ್ಲರೂ ನಿಲ್ಲುತ್ತೇವೆ, ನಮ್ಮ ಹಿಂದೆ ತಾವು ನಿಲ್ಲುತ್ತೀರಿ, ತಮ್ಮ ಹಿಂದೆ ಗಣ್ಯರೆಲ್ಲರೂ ನಿಲ್ಲುತ್ತಾರೆ. ನಿಂತವಳು ಮತ್ತೆ ಪೆಡಲ್ ತುಳಿಯಲು ಎಷ್ಟು ಹೊತ್ತು ಬೇಕೋ ನನಗೆ ತಿಳಿಯದು. ಅವಳಿಗಾಗಿ ಕಾಯುವುದು ನಮಗೆ ರೂಢಿಯಾಗಿದೆ. ತಾವೂ ಅಂದೇ ಕಲಿತುಕೊಳ್ಳಬಹುದು.

ಇಂತಿ,
ತಮ್ಮ ಕಾರಿಗೆಂದು ಆ ಕಲ್ಲಿಗೆ ತಾನೂ ಹೆಗಲು ಕೊಟ್ಟ ಮೂರ್ಖ,
ಭಾನುವಾರದ ಸಾಲಿನ ಕೊನೆಯಲ್ಲಿ, ತಮ್ಮ ಕಾರಿನ ಮೂತಿಯ ಮುಂದೆಯೇ ಇರಲಿರುವ
ಚರಿತ್ರೆ ಮೇಷ್ಟ್ರು