ಚಿಕ್ಕವಳನ್ನ ಕೇಳಬೇಕು

ಅಮ್ಮಾ,

ನೀನು ಹೋದ ಮೇಲೆ ಯಾರೂ ಮುಟ್ಟದಿದ್ದ ಮನೆಯ ಕಂಪ್ಯೂಟರನ್ನು ಇವತ್ತು ತೆರೆಯಲು ಕೂತೆ. ನಿನ್ನ ಫೋಟೊಗಳೆಲ್ಲ ಅದರಲ್ಲೇ ಇವೆಯಲ್ಲ. ಪಾಸ್‌ವರ್ಡ್ ಹಾಕಿಕೊಟ್ಟವಳು ನಾನೇ; ಈಗ ತಿಪ್ಪರಲಾಗ ಹಾಕಿದರೂ ನೆನಪಾಗಲಿಲ್ಲ. ನಾಲ್ಕೈದು ಸಲ ತಪ್ಪಾದ ಮೇಲೆ, ಅವತ್ತು ನೀನೇ ಬರೆದಿಟ್ಟಿದ್ದ ಸುಳಿವು ಪರದೆಯ ಮೇಲೆ ಬಂತು. ಅಪ್ಪ ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದರು: “ಚಿಕ್ಕವಳನ್ನ ಕೇಳಬೇಕು. ಬೈತಾಳೆ, ಆದ್ರೂ ಹೇಳ್ತಾಳೆ.”

“ಹೇಳಮ್ಮಾ ಮತ್ತೆ,” ಎಂದು ನಕ್ಕರು. ನಾನು ತಲೆ ಎತ್ತಲಿಲ್ಲ.

ಕೊನೆಗೆ ರಿಪೇರಿಯವರು ಬಂದು ತೆರೆದುಕೊಟ್ಟರು. ಫೋಟೊ ಒಂದೂ ಹೋಗಿಲ್ಲ. ಹೊಸ ಪಾಸ್‌ವರ್ಡನ್ನು ಅಪ್ಪನಿಗೆ ಹೇಳಿಕೊಟ್ಟೆ. ಇನ್ನೊಮ್ಮೆ ಕೇಳಿದರು, ಹೇಳಿದೆ. ಆಮೇಲೆ ಮತ್ತೆ ಮರೆತರು. ಈ ಸಲ ಕೇಳುವ ಮೊದಲು ನನ್ನ ಮುಖ ನೋಡಿದರು, ನೀನು ನೋಡುತ್ತಿದ್ದ ಹಾಗೆಯೇ.